ಕ್ಯಾಬನ್ನು ಎತ್ತಿದಾಗ: ಒಂದು ಹಳೆಯ ಪಿಕಪ್ ಟ್ರಕ್ಕಿನ ಚರಿತ್ರೆ



ನಮ್ಮ ಕೂಟದ ಉಪನ್ಯಾಸಮಾಲೆಯಲ್ಲಿ ಹೊಯ್ಸಳ ಶಿಲ್ಪ, ವಚನ ಸಾಹಿತ್ಯ, ದಾಸರ ಪದಗಳು ಮುಂತಾದ ವಿಷಯಗಳನ್ನು ಕೇಳುವುದು ವಾಡಿಕೆ. ಅಂತಹ ವೇದಿಕೆಯ ಮೇಲೆ ಹಳೆಯ ಪಿಕಪ್ ಟ್ರಕ್ಕೊಂದರ ಕ್ಯಾಬನ್ನು ಬಿಡಿಸಿ ಎತ್ತುವ ವಿಚಾರವಾಗಿ ಮಾತನಾಡುತ್ತೇನೆಂದು ತಿಳಿಸಿದಾಗ ಕಾರ್ಯದರ್ಶಿಗಳು ಕ್ಷಣಕಾಲ ಮೌನ ವಹಿಸಿದರು; ಬಳಿಕ ದೊಡ್ಡ ಮನಸ್ಸಿನಿಂದ ಒಪ್ಪಿದರು. ನಾವು ನೆಲೆಸಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಸೆರಗಿನಲ್ಲಿ. ಇಲ್ಲಿ ಸೇರಿರುವ ಎಷ್ಟೋ ಮನೆಗಳ ಅನ್ನದ ಋಣ ಮೋಟಾರು ವಾಹನಗಳ ಉದ್ಯಮಕ್ಕೆ ಸೇರಿದ್ದು. ಬೇಲೂರಿನ ಕಂಬಕ್ಕೆ ಚರಿತ್ರೆಯಿರುವಂತೆ ಈ ನೆಲದ ಟ್ರಕ್ಕಿಗೂ ಒಂದು ಚರಿತ್ರೆಯಿದೆ. ಅದನ್ನು ಓದಲು ಅತ್ಯಂತ ಅನುಕೂಲವಾದ ಘಳಿಗೆಯೆಂದರೆ, ಜೀರ್ಣೋದ್ಧಾರಕ್ಕಾಗಿ ಅದರ ಕ್ಯಾಬನ್ನು ಎತ್ತಿ ಪಕ್ಕಕ್ಕಿಟ್ಟ ಘಳಿಗೆ.

ಕ್ಯಾಬು ಎಂದರೆ ಚಾಲಕನು ಕುಳಿತುಕೊಳ್ಳುವ ಕೋಣೆ. ಅದರಡಿಯಲ್ಲಿ ಎರಡು ಉದ್ದನೆಯ ಉಕ್ಕಿನ ತೊಲೆಗಳೂ ಅವನ್ನು ಬಂಧಿಸುವ ಅಡ್ಡಪಟ್ಟಿಗಳೂ ಸೇರಿ ಏಣಿಯಂತೆ ಕಾಣುವ ಚೌಕಟ್ಟೊಂದಿರುತ್ತದೆ. ಎಂಜಿನು, ಗೇರುಪೆಟ್ಟಿಗೆ, ಅಚ್ಚುಗಳು, ಚಕ್ರಗಳು ಎಲ್ಲವೂ ಈ ಚೌಕಟ್ಟಿಗೇ ಸೇರಿದವು. ಇವೆಲ್ಲವೂ ಕೂಡಿದ್ದನ್ನು ನಾವು ಚಾಸಿ ಎನ್ನುತ್ತೇವೆ. ನಮ್ಮೂರ ತೇರನ್ನು ನೆನಪಿಸಿಕೊಂಡರೆ ಈ ಏರ್ಪಾಡು ಸುಲಭವಾಗಿ ಮನದಟ್ಟಾಗುತ್ತದೆ. ಮರದ ಗಡ್ಡೆಯೂ ಗಾಲಿಗಳೂ ವರ್ಷವಿಡೀ ತೇರಿನ ಮನೆಯಲ್ಲಿ ನಿಂತಿರುತ್ತವೆ. ಬಿದಿರು ಬಟ್ಟೆಗಳ ಮೇಲ್ಭಾಗವನ್ನು ಜಾತ್ರೆಯ ಹೊತ್ತಿಗೆ ಕಟ್ಟುತ್ತಾರೆ. ಹಳೆಯ ಟ್ರಕ್ಕಿನ ಕ್ಯಾಬೂ ಹಾಗೆಯೇ ಗಡ್ಡೆಯ ಮೇಲೆ ತಂದು ಕೂರಿಸಿದ ವಸ್ತು. ಚಾಸಿ ಮನೆಯ ಯಜಮಾನನಾದರೆ ಕ್ಯಾಬು ಬಹುಕಾಲದವರೆಗೆ ಅತಿಥಿಯಾಗಿಯೇ ಇತ್ತೆನ್ನಬೇಕು. ಸರಕನ್ನು ಹೊರುವ ಕೆಲಸಕ್ಕೆ ಕೊಟ್ಟಷ್ಟು ಗಮನವನ್ನು ಹೊತ್ತೊಯ್ಯುವ ಮನುಷ್ಯನಿಗೆ ಕೊಡಲು ಕಾರ್ಖಾನೆಗಳು ಮೂರು ದಶಕಗಳನ್ನು ತೆಗೆದುಕೊಂಡವು. ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಕಥೆಯನ್ನು.

1917ರಲ್ಲಿ ಫೋರ್ಡ್ ಕಂಪನಿಯು 'ಮಾಡೆಲ್ ಟಿಟಿ' ಎಂಬ ಒಂದು ಟನ್ನಿನ ಟ್ರಕ್ಕನ್ನು ಮಾರುಕಟ್ಟೆಗೆ ತಂದಿತು. ಬೆಲೆ 600 ಡಾಲರು. ಆ ಹಣಕ್ಕೆ ಕೊಳ್ಳುವವನ ಕೈಗೆ ಬರುತ್ತಿದ್ದುದು ಬರೀ ಚಾಸಿ. ಕುಳಿತುಕೊಳ್ಳಲು ಏನಿರಬೇಕು, ಮಳೆ ಬಂದರೆ ತಲೆಯ ಮೇಲೆ ಏನಿರಬೇಕು ಎಂಬುದೆಲ್ಲ ಅವನಿಗೆ ಬಿಟ್ಟ ವಿಚಾರ. ಮರುವರ್ಷ, ಅಂದರೆ 1918ರಲ್ಲಿ, ಷೆವರ್ಲೆ ಕಂಪನಿಯ ಮೊದಲ ಟ್ರಕ್ಕುಗಳು ಹೊರಬಂದವು. ಅವುಗಳಲ್ಲಿ ಅರ್ಧ ಟನ್ನಿನದಕ್ಕೆ 595 ಡಾಲರು. ಅದರಲ್ಲಿಯೂ ಮುಂಭಾಗದ ತಗಡಿನ ಹೊದಿಕೆಯೊಂದನ್ನುಳಿದು ಬೇರೆ ಮೈಯಿರಲಿಲ್ಲ. ಕೊಂಡವರು ಅದನ್ನು ಊರಿನ ಬಡಗಿಯ ಬಳಿಗೆ ಒಯ್ಯುತ್ತಿದ್ದರು. ಕುದುರೆಗಾಡಿಗಳನ್ನು ಕಟ್ಟಿ ನುರಿತಿದ್ದ ಕೈಗಳೇ ಆ ಚಾಸಿಯ ಮೇಲೆ ಮರದ ಆಸನವನ್ನೂ ಛಾವಣಿಯನ್ನೂ ಹಿಂದೆ ಸರಕಿನ ತೊಟ್ಟಿಯನ್ನೂ ಕಟ್ಟಿಕೊಟ್ಟವು. ಆ ಕಾಲದ ಕ್ಯಾಬುಗಳು ಒಂದರಂತೆ ಒಂದಿಲ್ಲದಿರುವುದಕ್ಕೆ ಇದೇ ಕಾರಣ. ಪಕ್ಕದಿಂದ ನೋಡಿದರೆ ಆಂಗ್ಲ ವರ್ಣಮಾಲೆಯ 'ಸಿ' ಅಕ್ಷರದಂತೆ ಬಾಗಿದ, ಬಾಗಿಲೇ ಇಲ್ಲದ ಕ್ಯಾಬುಗಳು ಆಗ ಸಾಮಾನ್ಯವಾಗಿದ್ದವು. ಮಿಷಿಗನ್ನಿನ ಜನವರಿ ತಿಂಗಳಲ್ಲಿ ಬಾಗಿಲಿಲ್ಲದ ಗಾಡಿಯೆಂದರೆ ಏನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

1925ರ ಏಪ್ರಿಲ್ 15ರಂದು ಫೋರ್ಡ್ ಕಂಪನಿಯು ತನ್ನ ಪುಟ್ಟ ಎರಡು ಆಸನಗಳ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಉಕ್ಕಿನ ತೊಟ್ಟಿಯೊಂದನ್ನು ಕೂಡಿಸಿ, ಕಾರ್ಖಾನೆಯಿಂದಲೇ ಸಿದ್ಧವಾದ ವಾಹನವಾಗಿ 281 ಡಾಲರಿಗೆ ಮಾರತೊಡಗಿತು. ಪಿಕಪ್ ಎಂಬ ಹೆಸರು ಫೋರ್ಡಿನ ಅಧಿಕೃತ ಪಟ್ಟಿಗೆ ಸೇರಿದ್ದು ಆಗಲೇ. ಷೆವರ್ಲೆಯೂ 1930ರಲ್ಲಿ ಮಾರ್ಟಿನ್-ಪ್ಯಾರಿ ಎಂಬ ಬಾಡಿ ಕಟ್ಟುವ ಸಂಸ್ಥೆಯ ಇಂಡಿಯಾನಾಪೊಲಿಸ್ ಕಾರ್ಖಾನೆಯನ್ನು ಕೊಂಡುಕೊಂಡು ಅದೇ ದಾರಿಯನ್ನು ಹಿಡಿಯಿತು. ಅಷ್ಟಾದರೂ ಕ್ಯಾಬಿನೊಳಗಿನ ಎಲುಬು ಮರದ್ದೇ ಆಗಿತ್ತು. ಉಕ್ಕಿನ ತಗಡು ಮರದ ಮೇಲೆ ಹೊದಿಸಿದ ಚರ್ಮದಂತಿತ್ತು. ಇಡೀ ಛಾವಣಿಗಾಗುವಷ್ಟು ಅಗಲವಾದ ತಗಡೂ ಅದನ್ನು ಒಂದೇ ಏಟಿಗೆ ಒತ್ತಿ ರೂಪಿಸುವ ಯಂತ್ರವೂ ಒದಗಿದ್ದು 1930ರ ದಶಕದ ಮಧ್ಯಭಾಗದಲ್ಲಿ. ಜನರಲ್ ಮೋಟಾರ್ಸ್ ತನ್ನ 1935ರ ಕೆಲವು ಕಾರುಗಳಿಗೆ ಪೂರ್ಣ ಉಕ್ಕಿನ ಛಾವಣಿ ಹಾಕಿತು. ಅದರ ಬೆನ್ನಿಗೇ ಟ್ರಕ್ಕಿನ ಕ್ಯಾಬೂ ಮರವನ್ನು ತ್ಯಜಿಸಿತು. ಬಡಗಿಯ ಕೈ ಅಲ್ಲಿಗೆ ಸರಿದು, ತೊಟ್ಟಿಯ ನೆಲಕ್ಕೆ ಹಾಸುವ ಹಲಗೆಗಳಲ್ಲಿ ಮಾತ್ರ ಉಳಿದುಕೊಂಡಿತು.

ಹೈಲೆಂಡ್ ಪಾರ್ಕಿನ ಫೋರ್ಡ್ ಕಾರ್ಖಾನೆಯ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1913ರಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದದ್ದು ಅಲ್ಲಿಯೇ. ಆ ಕಾಲದ ಒಂದು ಛಾಯಾಚಿತ್ರ ಬಹು ಪ್ರಸಿದ್ಧವಾದುದು. ಕಾರ್ಖಾನೆಯ ಹೊರಗೆ ಇಳಿಜಾರಾದ ಮರದ ಜಾರುಹಾದಿಯಿದೆ. ಮೇಲಿನಿಂದ ಕಾರಿನ ಮೈ ಜಾರಿ ಬರುತ್ತದೆ, ಕೆಳಗೆ ಚಾಸಿ ಕಾದು ನಿಂತಿದೆ. ಮೇಲಿನದು ಕೆಳಗಿನದರ ಮೇಲೆ ಕುಳಿತೊಡನೆ ಬೋಲ್ಟುಗಳನ್ನು ಬಿಗಿದು ಮುಂದಕ್ಕೆ ಕಳಿಸುತ್ತಿದ್ದರು. ಕೆಲವೇ ನಿಮಿಷಗಳ ಕೆಲಸ. ಅದೇ ಬೋಲ್ಟುಗಳನ್ನು ಎಪ್ಪತ್ತು ವರ್ಷಗಳ ನಂತರ ಬಿಚ್ಚಲು ಹೊರಟವನಿಗೆ ಒಂದು ವಾರವಾದರೂ ಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಗರಿಕ ವಾಹನಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಗಿತ್ತು. ಯುದ್ಧ ಮುಗಿದ ಮೇಲೆ ಷೆವರ್ಲೆ ಕಂಪನಿಯು ಸಂಪೂರ್ಣ ಹೊಸದಾಗಿ ರೂಪಿಸಿದ ಟ್ರಕ್ಕುಗಳನ್ನು 1947ರ ಬೇಸಿಗೆಯಲ್ಲಿ ಹೊರತಂದಿತು. 'ಅಡ್ವಾನ್ಸ್ ಡಿಸೈನ್' ಎಂದು ಅವುಗಳ ಹೆಸರು. 1955ರ ಮೊದಲ ತಿಂಗಳುಗಳವರೆಗೂ ನಡೆದ ಈ ಮಾದರಿಯೇ ಇಂದು ಅಮೆರಿಕದ ಜೀರ್ಣೋದ್ಧಾರಪ್ರಿಯರಿಗೆ ಅತ್ಯಂತ ಪ್ರಿಯವಾದವುಗಳಲ್ಲೊಂದು. ದುಂಡುಮುಖದ, ಅಡ್ಡಪಟ್ಟಿಗಳ ಜಾಲರಿಯ ಆ ಟ್ರಕ್ಕನ್ನು ತಾವು ಜುಲೈ ನಾಲ್ಕರ ಮೆರವಣಿಗೆಗಳಲ್ಲಿ ನೋಡಿಯೇ ಇರುತ್ತೀರಿ. ಅಂದಿನ ಜಾಹೀರಾತುಗಳನ್ನು ಓದಿದರೆ ಒಂದು ಬದಲಾವಣೆ ಎದ್ದು ಕಾಣುತ್ತದೆ. ಟ್ರಕ್ಕು ಎಷ್ಟು ಹೊರುತ್ತದೆ ಎನ್ನುವುದರ ಜೊತೆಗೆ ಅದನ್ನು ಓಡಿಸುವವನು ಹೇಗೆ ಕುಳಿತಿರುತ್ತಾನೆ ಎನ್ನುವುದೂ ಅವುಗಳಲ್ಲಿ ಮಾತಾಗಿದೆ. 'ಉಸಿರಾಡುವ ಕ್ಯಾಬು' ಎಂಬ ಅರ್ಥದ ಘೋಷಣೆಯನ್ನು ಷೆವರ್ಲೆ ಬಳಸಿತು. ಹೊರಗಿನ ಶುದ್ಧ ಗಾಳಿಯನ್ನು ಒಳಗೆಳೆದುಕೊಂಡು, ಬೇಕಾದಾಗ ಬಿಸಿ ಮಾಡಿ, ಒಳಗಿನ ಗಾಳಿಯನ್ನು ಹೊರದೂಡುವ ವ್ಯವಸ್ಥೆಯದು. 1948ರ ಆರಂಭದಲ್ಲಿ ಫೋರ್ಡ್ ತನ್ನ ಎಫ್ ಸರಣಿಯ ಟ್ರಕ್ಕುಗಳನ್ನು ಬಿಡುಗಡೆ ಮಾಡಿ 'ಹತ್ತು ಲಕ್ಷ ಡಾಲರಿನ ಕ್ಯಾಬು' ಎಂದು ಸಾರಿತು. ಜಾಹೀರಾತಿನ ಮಾತನ್ನು ಒಂದಿಷ್ಟು ಉಪ್ಪು ಹಾಕಿಯೇ ನಂಬಬೇಕು. ಆದರೂ ಎರಡು ದೊಡ್ಡ ಕಂಪನಿಗಳು ಚಾಲಕನ ಕೋಣೆಯ ವಿಷಯದಲ್ಲಿ ಪೈಪೋಟಿಗಿಳಿದದ್ದು ಗಮನಾರ್ಹ. ಅತಿಥಿಗೆ ಮಣೆ ಹಾಕಿದ್ದು ಆಗ.

ಕ್ಯಾಬನ್ನು ಚಾಸಿಗೆ ನೇರವಾಗಿ ಬಿಗಿಯುವುದಿಲ್ಲ. ಅವೆರಡರ ನಡುವೆ ಮೂಲೆಗಳಲ್ಲಿ ದಪ್ಪ ರಬ್ಬರಿನ ಬಿಲ್ಲೆಗಳಿರುತ್ತವೆ. ಹಳ್ಳಿಯ ರಸ್ತೆಯ ಮೇಲೆ ಹೊರೆ ಹೊತ್ತು ಸಾಗುವಾಗ ಏಣಿಯಂತಹ ಚೌಕಟ್ಟು ಸ್ವಲ್ಪಮಟ್ಟಿಗೆ ತಿರುಚಿಕೊಳ್ಳುತ್ತದೆ. ಅದು ಹಾಗೆ ತಿರುಚಿಕೊಳ್ಳಬೇಕೆಂದೇ ಅದರ ರಚನೆ. ಆ ತಿರುಚು ಕ್ಯಾಬಿಗೆ ತಾಗಿದರೆ ಬಾಗಿಲುಗಳು ಬಿಗಿಯುತ್ತವೆ, ಗಾಜು ಸೀಳುತ್ತದೆ. ರಬ್ಬರು ಆ ಚಲನೆಯನ್ನು ನುಂಗಿಕೊಳ್ಳುತ್ತದೆ. ಕ್ಯಾಬಿಗೂ ಹಿಂದಿನ ತೊಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು ಇರುವುದೂ ಇದೇ ಕಾರಣದಿಂದ. 1961ರಲ್ಲಿ ಫೋರ್ಡ್ ಕಂಪನಿ ಈ ಸಂದನ್ನು ಮುಚ್ಚಿ, ಕ್ಯಾಬನ್ನೂ ತೊಟ್ಟಿಯನ್ನೂ ಒಂದೇ ಮೈಯಾಗಿ ಬೆಸೆದ ಪಿಕಪ್ಪನ್ನು ತಂದಿತು. ನೋಡಲು ಲಕ್ಷಣವಾಗಿಯೇ ಇತ್ತು. ಭಾರ ಹೇರಿದಾಗ ಅದರ ಬಾಗಿಲುಗಳು ಸರಿಯಾಗಿ ತೆರೆಯುತ್ತಿರಲಿಲ್ಲವೆಂದು ಹಳಬರು ಹೇಳುತ್ತಾರೆ. 1963ರಲ್ಲಿ ಆ ಪ್ರಯೋಗ ಮುಗಿಯಿತು. ಸಂದು ಮತ್ತೆ ಬಂತು.

ಇನ್ನು ಎತ್ತುವ ಕೆಲಸಕ್ಕೆ ಬರೋಣ. ನನ್ನ ನೆರೆಯವರೊಬ್ಬರು ತಮ್ಮ ತಾತನ ಹೊಲದಲ್ಲಿ ದುಡಿದ 1951ರ ಷೆವರ್ಲೆ ಅರ್ಧ ಟನ್ನಿನ ಪಿಕಪ್ಪನ್ನು ಎರಡು ಬೇಸಿಗೆಗಳ ಕಾಲ ಬಿಚ್ಚಿ ಜೋಡಿಸಿದರು. ನಿವೃತ್ತನಾದ ನನಗೆ ಅವರ ಗ್ಯಾರೇಜು ಒಂದು ಪಾಠಶಾಲೆಯಾಯಿತು. ಕ್ಯಾಬನ್ನು ಎತ್ತಲೇಬೇಕೆ ಎಂದು ಮೊದಲ ದಿನವೇ ಕೇಳಿದ್ದೆ. ಅವರು ಮಾತನಾಡದೆ ಸ್ಕ್ರೂಡ್ರೈವರಿನಿಂದ ಬಾಗಿಲ ಹೊಸ್ತಿಲ ಕೆಳಭಾಗವನ್ನು ಮೆಲ್ಲನೆ ಒತ್ತಿದರು. ಅದು ಹಪ್ಪಳದಂತೆ ಒಳಕ್ಕೆ ಹೋಯಿತು. ಮಿಷಿಗನ್ನಿನ ಚಳಿಗಾಲದ ರಸ್ತೆಗಳಿಗೆ ಸುರಿಯುವ ಉಪ್ಪಿನ ಮಹಿಮೆಯಿದು. ಆ ಉಪ್ಪಿನ ದೊಡ್ಡ ಗಣಿಯೊಂದು ಇರುವುದು ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ ಎಂಬುದು ವಿನೋದದ ಸಂಗತಿ: ಮೇಲೆ ಟ್ರಕ್ಕನ್ನು ಮಾಡುವ ಊರು, ಕೆಳಗೆ ಅದನ್ನು ತಿನ್ನುವ ಪದಾರ್ಥ. ತುಕ್ಕು ಹಿಡಿಯುವುದು ಕ್ಯಾಬಿನ ಮೂಲೆಗಳಲ್ಲಿ, ಹೊಸ್ತಿಲಲ್ಲಿ, ಹೆಚ್ಚಾಗಿ ಕ್ಯಾಬು ಚಾಸಿಯ ಮೇಲೆ ಕೂರುವ ಆ ಮೂಲೆಗಳ ಪಾದಗಳಲ್ಲಿ. ಅಲ್ಲಿ ಕೆಸರು ನಿಲ್ಲುತ್ತದೆ, ಕೈ ಹೋಗುವುದಿಲ್ಲ. ಕ್ಯಾಬನ್ನೆತ್ತದೆ ಬಣ್ಣ ಬಳಿದವರ ಟ್ರಕ್ಕು ಕೆಲವೇ ಚಳಿಗಾಲಗಳಲ್ಲಿ ಮತ್ತೆ ಗುಳ್ಳೆಯೇಳುತ್ತದೆ.

ಮೊದಲ ಕೆಲಸ ಬಿಚ್ಚುವುದಲ್ಲ, ಕಟ್ಟುವುದು. ಹೊಸ್ತಿಲುಗಳು ಸವೆದ ಕ್ಯಾಬನ್ನು ಹಾಗೆಯೇ ಎತ್ತಿದರೆ ಅದು ತನ್ನ ಭಾರಕ್ಕೇ ತೆರೆದ ಪುಸ್ತಕದಂತೆ ಅಗಲವಾಗುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಕೂಡುವುದಿಲ್ಲ. ಆದ್ದರಿಂದ ಬಾಗಿಲುಗಳು ಇನ್ನೂ ಸರಿಯಾಗಿ ಕೂಡುತ್ತಿರುವಾಗಲೇ ಎಲ್ಲ ಅಂತರಗಳನ್ನೂ ಅಳೆದು ಬರೆದಿಟ್ಟುಕೊಂಡು, ಬಾಗಿಲ ತೆರಪುಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆಯುತ್ತಾರೆ. ಬಳಿಕ ಬ್ಯಾಟರಿಯ ಸಂಪರ್ಕವನ್ನು ತೆಗೆಯುವುದು, ರೇಡಿಯೇಟರಿನ ನೀರನ್ನೂ ಪೆಟ್ರೋಲನ್ನೂ ಖಾಲಿ ಮಾಡುವುದು. 1949ರಿಂದ ಈ ಪಿಕಪ್ಪುಗಳ ಪೆಟ್ರೋಲ್ ಟ್ಯಾಂಕನ್ನು ಕ್ಯಾಬಿನೊಳಗೇ, ಆಸನದ ಬೆನ್ನಿಗೆ, ನಿಲ್ಲಿಸಿಟ್ಟಿದ್ದರು. ತಂದೆತಾಯಿಗಳು ಮಕ್ಕಳನ್ನು ನಡುವೆ ಕೂರಿಸಿಕೊಂಡು, ಟ್ಯಾಂಕಿಗೆ ಒರಗಿಕೊಂಡು, ಸಂತೆಗೆ ಹೋಗಿಬರುತ್ತಿದ್ದ ಕಾಲವದು. ಚಾಲಕನ ಸುಖಕ್ಕೆ ಗಮನ ಬಂದ ಮೇಲೂ ಅವನ ಸುರಕ್ಷತೆಗೆ ಗಮನ ಬರಲು ಇನ್ನಷ್ಟು ವರ್ಷಗಳು ಬೇಕಾದವು.

ಹಿಂದಿನ ತೊಟ್ಟಿ, ಬಾನೆಟ್ಟು, ಮಡ್ಗಾರ್ಡುಗಳು, ರೇಡಿಯೇಟರು ಇವುಗಳನ್ನು ಒಂದೊಂದಾಗಿ ಇಳಿಸಿದ ಮೇಲೆ ಕ್ಯಾಬು ಒಂಟಿಯಾಗಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಅದನ್ನು ಚಾಸಿಗೆ ಹಿಡಿದಿಟ್ಟಿರುವುದು ಕೆಲವೇ ಬೋಲ್ಟುಗಳು. ಒಳಗೆ ನೋಡಿದರೆ ಬಾಂಧವ್ಯ ಅಷ್ಟು ಸರಳವಲ್ಲ. ಕ್ಲಚ್ಚಿನ ಮತ್ತು ಬ್ರೇಕಿನ ಪೆಡಲುಗಳು ಚಾಸಿಗೆ ಸೇರಿದವು. ನೆಲದ ರಂಧ್ರಗಳಿಂದ ತಲೆಯೆತ್ತಿ ಒಳಗೆ ನಿಂತಿರುತ್ತವೆ. ಎಂಜಿನನ್ನು ಚಾಲೂ ಮಾಡುವುದೂ ಕಾಲಿನಿಂದಲೇ. ಆ ಗುಂಡಿಯೂ ನೆಲದಲ್ಲಿ. ಸ್ಟಿಯರಿಂಗಿನ ಗೇರುಪೆಟ್ಟಿಗೆ ಚೌಕಟ್ಟಿಗೆ ಬಿಗಿದಿದೆ, ಅದರ ಕಂಬ ಮಾತ್ರ ಕ್ಯಾಬಿನೊಳಗೆ. ಆ ಕಂಬಕ್ಕೇ ಗೇರಿನ ಕೋಲು. ವೇಗಮಾಪಕದ ಕೇಬಲ್ಲು, ಚೋಕಿನ ತಂತಿ, ವಿದ್ಯುತ್ತಿನ ತಂತಿಗಳ ಕಟ್ಟು, ನಿಲುಗಡೆ ಬ್ರೇಕಿನ ಕೇಬಲ್ಲು ಇವೆಲ್ಲ ಎರಡೂ ಲೋಕಗಳ ನಡುವಿನ ದಾರಗಳು. ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಛಾಯಾಚಿತ್ರ ತೆಗೆದು, ಆಮೇಲೆ ಬಿಡಿಸಬೇಕು.

ಇವುಗಳಲ್ಲಿ ಒಂದರ ವಿಷಯವನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಎಂಜಿನಿನ ತಾಪವನ್ನು ತೋರಿಸುವ ಮಾಪಕಕ್ಕೆ ವಿದ್ಯುತ್ತಿನ ಹಂಗಿಲ್ಲ. ಎಂಜಿನಿನ ತಲೆಗೆ ತಿರುಪಿದ ಪುಟ್ಟ ಬುರುಡೆಯಿಂದ ಮಾಪಕದವರೆಗೆ ಕೂದಲೆಳೆಯಂತಹ ರಂಧ್ರವುಳ್ಳ ಲೋಹದ ನಳಿಗೆ ಹಾಯ್ದಿರುತ್ತದೆ. ಬುರುಡೆಯೊಳಗೆ ಬೇಗನೆ ಆವಿಯಾಗುವ ದ್ರವವಿರುತ್ತದೆ. ಕಾದಂತೆಲ್ಲ ಆವಿಯ ಒತ್ತಡ ಹೆಚ್ಚಿ ಮುಳ್ಳು ಮೇಲೇರುತ್ತದೆ. ಅವಸರದಲ್ಲಿ ಇದನ್ನು ತಂತಿಯೆಂದು ಭಾವಿಸಿ ಕತ್ತರಿಸಿದರೆ ದ್ರವ ಹಾರಿಹೋಗಿ ಮಾಪಕ ಸತ್ತಂತೆಯೇ. ಬುರುಡೆಯನ್ನು ಎಂಜಿನಿನಿಂದ ತಿರುಪಿ ತೆಗೆದು, ನಳಿಗೆಯನ್ನು ಮಡಿಕೆ ಬೀಳದಂತೆ ದೊಡ್ಡ ಸುರುಳಿಯಾಗಿ ಸುತ್ತಿ, ಕ್ಯಾಬಿನ ಜೊತೆಗೇ ಕಳಿಸಬೇಕು. ನನ್ನ ನೆರೆಯವರು ಅದನ್ನು ಹಸುಗೂಸನ್ನು ಎತ್ತಿದಂತೆ ಎತ್ತಿದ್ದನ್ನು ನಾನು ಕಂಡೆ.

ಬೋಲ್ಟುಗಳ ಸರದಿ ಕೊನೆಯದು. ತುಕ್ಕು ಕರಗಿಸುವ ಎಣ್ಣೆಯನ್ನು ಹಲವು ದಿನ ಮೊದಲೇ ಹಾಕುತ್ತ ಬಂದಿರಬೇಕು. ಬಲಾತ್ಕಾರ ಮಾಡಿದರೆ ತಲೆ ಮುರಿಯುತ್ತದೆ. ಎಣ್ಣೆಗೂ ಜಗ್ಗದಿದ್ದರೆ ಕಾಯಿಸಬೇಕು. ಅದಕ್ಕೂ ಜಗ್ಗದಿದ್ದರೆ ನಟ್ಟನ್ನು ಸೀಳಬೇಕು. ಪಾದಗಳಲ್ಲಿ ರಬ್ಬರಿನ ಜೊತೆಗೆ ತೆಳುವಾದ ಉಕ್ಕಿನ ಬಿಲ್ಲೆಗಳು ಸಿಗುತ್ತವೆ: ಒಂದು ಮೂಲೆಯಲ್ಲಿ ಒಂದು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ತಿಳಿಯದವರು ಇವನ್ನು ಕಸವೆಂದು ಬಿಸಾಡುತ್ತಾರೆ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಈ ನಿರ್ದಿಷ್ಟ ಚೌಕಟ್ಟಿನ ಮೇಲೆ ಈ ನಿರ್ದಿಷ್ಟ ಕ್ಯಾಬನ್ನು ಕೂರಿಸಿ, ಬಾಗಿಲು ಹಾಕಿ ನೋಡಿ, ಸಮವಾಗಿಲ್ಲವೆಂದು ಕಂಡು, ಆ ಬಿಲ್ಲೆಗಳನ್ನು ಅಲ್ಲಿ ತೂರಿಸಿದ್ದಾನೆ. ಯಂತ್ರಗಳು ಒಂದರಂತೆ ಒಂದನ್ನು ಉರುಳಿಸುತ್ತವೆ ಎಂಬ ಮಾತಿಗೆ ಅವನ ಬೆರಳುಗಳ ಈ ಉತ್ತರ ಇಷ್ಟು ವರ್ಷ ಕತ್ತಲಲ್ಲಿ ಕುಳಿತಿತ್ತು. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಯಾವ ಮೂಲೆಯಲ್ಲಿ ಎಷ್ಟು ಬಿಲ್ಲೆ ಎಂಬುದನ್ನು ಬರೆದಿಟ್ಟುಕೊಂಡವನಿಗೆ ಮರುಜೋಡಣೆಯಲ್ಲಿ ಅರ್ಧ ಶ್ರಮ ಉಳಿಯುತ್ತದೆ.

ಎತ್ತುವ ದಿನ ನಾವು ಐದು ಜನರಿದ್ದೆವು. ಕ್ಯಾಬನ್ನು ಗಾಳಿಯಲ್ಲಿ ತೂಗಿಸಲಿಲ್ಲ. ಉದ್ದನೆಯ ತೊಲೆಗಳನ್ನು ಅಡಿಗೆ ಕೊಟ್ಟು, ಜಾಕಿಯಿಂದ ಒಂದೊಂದು ಬದಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಮರದ ದಿಮ್ಮಿಗಳನ್ನು ಇಡುತ್ತ, ಹಿಂದಿನ ಚಕ್ರಗಳು ಅಡಿಯಲ್ಲಿ ನುಸುಳುವಷ್ಟು ಎತ್ತರಕ್ಕೆ ತಂದೆವು. ಬಳಿಕ ಚಾಸಿಯನ್ನು ಮುಂದಕ್ಕೆ ತಳ್ಳಿದೆವು. ಅಂದರೆ ನಿಜವಾಗಿ ಹೊರಟುಹೋದದ್ದು ಯಜಮಾನ. ಅತಿಥಿ ನಿಂತಲ್ಲಿಯೇ ನಿಂತಿತ್ತು.

ಆಗ ಕಂಡದ್ದನ್ನು ಹೇಳುತ್ತೇನೆ. ಹೊರಗೆ ಕೆಂಪು, ಅದರಡಿ ಬಿಳಿ ಬಳಿದಿದ್ದ ಆ ಟ್ರಕ್ಕಿನ ಕ್ಯಾಬಿನ ಹಿಂಗೋಡೆಯ ಕೆಳಭಾಗದಲ್ಲಿ, ತೊಟ್ಟಿಯ ಮರೆಯಲ್ಲಿ, ಮೂಲ ಹಸಿರು ಬಣ್ಣ ಹಾಗೆಯೇ ಇತ್ತು. 'ಫಾರೆಸ್ಟರ್ ಗ್ರೀನ್' ಎಂಬ ಆ ಕಡು ಹಸಿರು ಅಂದಿನ ಷೆವರ್ಲೆ ಟ್ರಕ್ಕುಗಳ ಸಾಮಾನ್ಯ ಬಣ್ಣ. ಎಂಜಿನಿನ ಕಡೆಯ ಗೋಡೆಯ ಮೇಲೆ ಮೇಣದ ಬಳಪದಿಂದ ಎಳೆದ ಗೀಟುಗಳು, ಒಂದು ಅಂಕಿ. ತಪಾಸಣೆಯವರ ಗುರುತೆಂದು ನೆರೆಯವರು ಹೇಳಿದರು. ಇವೆಲ್ಲ ಒಂದು ರೀತಿಯ ಶಾಸನಗಳೇ. ಜೀರ್ಣೋದ್ಧಾರದ ಹೆಸರಿನಲ್ಲಿ ದೇಗುಲದ ಶಾಸನಗಳ ಮೇಲೆ ಸುಣ್ಣ ಬಳಿದವರನ್ನು ನಾವು ಬಲ್ಲೆವು. ಇಲ್ಲಿ ಸುಣ್ಣದ ಬದಲು ಮರಳನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ ಲೋಹವನ್ನು ಬೆಳ್ಳಗೆ ಮಾಡುತ್ತಾರೆ. ತುಕ್ಕು ಹೋಗುತ್ತದೆ, ಬರಹವೂ ಹೋಗುತ್ತದೆ. ಇನ್ನೂ ಒಂದು ಚಪಲವಿದೆ. ಕೊರಿಯಾ ಯುದ್ಧದ ನಿಮಿತ್ತ 1951ರ ಸುಮಾರಿಗೆ ನಿಕ್ಕಲ್ ಲೋಹದ ಬಳಕೆಗೆ ಮಿತಿ ಬಂದು, ಈ ಟ್ರಕ್ಕುಗಳ ಮುಂಭಾಗದ ಜಾಲರಿಗೆ ಕ್ರೋಮಿನ ಹೊಳಪಿನ ಬದಲು ಬಣ್ಣ ಬಳಿದು ಕಳಿಸಿದರು. ಇಂದಿನ ಪ್ರದರ್ಶನಗಳಲ್ಲಿ ನೋಡಿದರೆ ಅವುಗಳಲ್ಲಿ ಹಲವು ಕನ್ನಡಿಯಂತೆ ಹೊಳೆಯುತ್ತವೆ. ಅಂದವಾಗಿದೆ, ಒಪ್ಪುತ್ತೇನೆ. ಅದು ಆ ಟ್ರಕ್ಕು ಕಂಡ ಕಾಲವಲ್ಲ.

ನೆರೆಯವರ ಮನೆಯಲ್ಲಿ ಜಗಳ ಹುಟ್ಟಿದ್ದು ಬಾಗಿಲಿನ ವಿಷಯದಲ್ಲಿ. ಚಾಲಕನ ಬದಿಯ ಬಾಗಿಲಿನ ಕೆಂಪನ್ನು ಉಜ್ಜಿದಾಗ ಬಿಳಿ ಬಂತು. ಬಿಳಿಯನ್ನು ಉಜ್ಜಿದಾಗ ಹಸಿರಿನ ಮೇಲೆ ಕುಂಚದಿಂದ ಬರೆದ ಅಕ್ಷರಗಳು ಮೂಡತೊಡಗಿದವು. ತಾತನ ಹೆಸರು, ಹೊಲದ ಹೆಸರು, ಊರು. ವೃತ್ತಿಪರರು ಬರೆದದ್ದಲ್ಲವೆಂಬುದು ಸ್ಪಷ್ಟವಾಗಿತ್ತು. ಕೊನೆಯ ಅಕ್ಷರಗಳಿಗೆ ಜಾಗ ಸಾಲದೆ ಇಕ್ಕಟ್ಟಾಗಿದ್ದವು. ಮಗನಿಗೆ ಇಡೀ ಕ್ಯಾಬು ಒಂದೇ ಹೊಸ ಬಣ್ಣದಲ್ಲಿ ಹೊಳೆಯಬೇಕೆಂಬ ಆಸೆ. ಆ ಹೊಲವನ್ನು ಮಾರಿ ಎಷ್ಟೋ ವರ್ಷಗಳಾಗಿವೆ, ಅಲ್ಲಿ ಈಗ ಮನೆಗಳೆದ್ದಿವೆ, ಹೆಸರನ್ನು ಇಟ್ಟುಕೊಂಡು ಮಾಡುವುದೇನು ಎಂಬುದು ಅವನ ವಾದ. ಹೊಲವೇ ಇಲ್ಲದ ಮೇಲೆ ಹೆಸರು ಉಳಿದಿರುವುದು ಇದೊಂದೇ ಕಡೆ ಎಂಬುದು ತಂದೆಯ ವಾದ. ಎರಡು ವಾರ ಕೆಲಸ ನಿಂತಿತು. ನನ್ನ ಅಭಿಪ್ರಾಯವನ್ನೂ ಕೇಳಿದರು. ಊರಿನಲ್ಲಿ ತಾತನ ಮನೆಯನ್ನು ಮಾರಿ ಬಂದವರು ಈ ಸಭೆಯಲ್ಲಿಯೂ ಇದ್ದೀರಿ. ನಾನು ಯಾವ ಪಕ್ಷಕ್ಕೆ ಸೇರಿದೆನೆಂಬುದನ್ನು ಊಹಿಸಬಲ್ಲಿರಿ. ಕಡೆಗೆ ಮಗನೇ ಒಂದು ದಾರಿ ಹೇಳಿದ. ಕ್ಯಾಬಿಗೆಲ್ಲ ಮೂಲದ ಹಸಿರನ್ನೇ ಬಳಿಯುವುದು, ಆ ಒಂದು ಬಾಗಿಲನ್ನು ಮುಟ್ಟದೆ ಬಣ್ಣವಿಲ್ಲದ ಮೆರುಗೆಣ್ಣೆ ಮಾತ್ರ ಹಚ್ಚುವುದು. ಇಂದು ಆ ಟ್ರಕ್ಕನ್ನು ನೋಡಿದವರು ಒಂದು ಬಾಗಿಲು ಹಾಳಾಗಿದೆಯಲ್ಲ ಎಂದು ಮರುಗುತ್ತಾರಂತೆ.

ಇಷ್ಟು ಬಿಚ್ಚಿದ ಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಬಿಡಿಭಾಗಗಳು ನಾಲ್ಕೂ ಕಡೆ ಹರಡಿರುವಾಗ ಟ್ರಕ್ಕು ಎಂಬುದು ಎಲ್ಲಿದೆ? ಮಿಲಿಂದಪ್ರಶ್ನವೆಂಬ ಪಾಳಿ ಗ್ರಂಥದಲ್ಲಿ ನಾಗಸೇನ ಭಿಕ್ಷುವು ಯವನ ರಾಜನನ್ನು ಅವನ ರಥದ ವಿಷಯದಲ್ಲಿ ಕೇಳುವುದು ಇದನ್ನೇ. ಅಚ್ಚು ರಥವೇ? ಗಾಲಿ ರಥವೇ? ಮೂಕಿ ರಥವೇ? ಅಮೆರಿಕದ ಕಾನೂನಿಗೂ ಈ ಪ್ರಶ್ನೆ ತೊಡಕಾಗಿಯೇ ಇತ್ತು. 1950ರ ದಶಕದ ಮಧ್ಯದವರೆಗೂ ಅನೇಕ ರಾಜ್ಯಗಳು ವಾಹನವನ್ನು ನೋಂದಾಯಿಸುತ್ತಿದ್ದುದು ಎಂಜಿನಿನ ಸಂಖ್ಯೆಯ ಮೇಲೆ. ಷೆವರ್ಲೆಯ ಕ್ರಮಸಂಖ್ಯೆಯ ಫಲಕವಿದ್ದುದು ಕ್ಯಾಬಿನ ಬಾಗಿಲ ಕಂಬದ ಮೇಲೆ. ಎಂಜಿನು ಬದಲಾಯಿಸಿದವರ ಟ್ರಕ್ಕು ಕಾಗದದಲ್ಲಿ ಬೇರೆಯಾಯಿತು. ಕೊಳೆತ ಕ್ಯಾಬನ್ನು ತೆಗೆದು ಇನ್ನೊಂದರ ಕ್ಯಾಬನ್ನು ಕೂರಿಸಿದವರ ಟ್ರಕ್ಕಿಗೆ ಫಲಕವೇ ಬೇರೆಯಾಯಿತು. ಆದುದರಿಂದ ಕ್ಯಾಬನ್ನು ಎತ್ತುವವರು ಫಲಕವನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು, ಕಾಗದಪತ್ರಗಳನ್ನು ಮೊದಲೇ ತಾಳೆ ನೋಡಬೇಕು.

ಸುಂಕದ ಕಟ್ಟೆಯಲ್ಲಂತೂ ಈ ಪ್ರಶ್ನೆಗೆ ಕೋಟ್ಯಂತರ ಡಾಲರುಗಳ ಬೆಲೆಯಿತ್ತು. ಯೂರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿದ್ದಕ್ಕೆ ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1963ರ ಡಿಸೆಂಬರಿನಲ್ಲಿ ಹೊರಡಿಸಿದ ಘೋಷಣೆಯಿಂದ, ಆಮದಾಗುವ ಹಗುರ ಟ್ರಕ್ಕುಗಳ ಮೇಲೆ ಶೇಕಡ 25ರ ಸುಂಕ ಬಿತ್ತು. 1964ರ ಜನವರಿಯಲ್ಲಿ ಜಾರಿಗೆ ಬಂದ ಇದನ್ನು ಜನ ಕೋಳಿ ಸುಂಕವೆಂದೇ ಕರೆದರು. ಆದರೆ ತೊಟ್ಟಿಯಿಲ್ಲದೆ ಬರೀ ಚಾಸಿಯ ಮೇಲೆ ಕ್ಯಾಬಿರುವ ವಾಹನ ಪೂರ್ಣ ಟ್ರಕ್ಕಲ್ಲ. ಅದಕ್ಕೆ ಶೇಕಡ 4 ಮಾತ್ರ. 1970ರ ದಶಕದಲ್ಲಿ ಫೋರ್ಡ್ ಮತ್ತು ಷೆವರ್ಲೆ ಹೆಸರಿನಲ್ಲಿಯೇ ಮಾರಾಟವಾಗುತ್ತಿದ್ದ ಜಪಾನಿನ ಪುಟ್ಟ ಪಿಕಪ್ಪುಗಳು ಹೀಗೆ ತೊಟ್ಟಿಯಿಲ್ಲದೆ ಹಡಗಿನಿಂದಿಳಿದು, ಇಲ್ಲಿ ತೊಟ್ಟಿ ತೊಡಿಸಿಕೊಂಡು, ಟ್ರಕ್ಕುಗಳಾದವು. 1980ರಲ್ಲಿ ಈ ಕಿಂಡಿಯನ್ನು ಮುಚ್ಚಿದರು.

ಚಾಸಿಯನ್ನು ಬರಿಮೈಯಲ್ಲಿ ಮಾರುವ ಪದ್ಧತಿ ಅಮೆರಿಕದಲ್ಲಿ ಸಣ್ಣ ಟ್ರಕ್ಕುಗಳ ಮಟ್ಟಿಗೆ ಹಿಂದೆಯೇ ಸರಿಯಿತು. ನಮ್ಮ ದೇಶದಲ್ಲಿ ಅದು ಬಹುಕಾಲ ಉಳಿಯಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆಯನ್ನು ತೆರೆದ ಕಾಲದಿಂದ ಮೊದಲ್ಗೊಂಡು, 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಲಾರಿಗಳು ಹುಟ್ಟಿದ ಬಳಿಕವೂ, ಲಾರಿ ಕೊಳ್ಳುವುದೆಂದರೆ ಚಾಸಿ ಕೊಳ್ಳುವುದೆಂದೇ ಬಹುಮಟ್ಟಿಗೆ ಅರ್ಥವಾಗಿತ್ತು. ಕ್ಯಾಬು ಕಟ್ಟುತ್ತಿದ್ದವರು ಮರದ ಕೆಲಸದವರು. ಅದರ ಹಣೆಯ ಮೇಲೆ ದೇವರ ಹೆಸರನ್ನೂ ಬೆನ್ನ ಮೇಲೆ 'ಹಾರ್ನ್ ಮಾಡಿ' ಎಂಬುದನ್ನೂ ಬರೆದವರು ಅಲ್ಲಿಯ ಚಿತ್ರಗಾರರು. ಹೆದ್ದಾರಿಯಲ್ಲಿ ಎದುರಿನಿಂದ ಬಾಡಿಯಿಲ್ಲದ ಚಾಸಿಗಳು ಸಾಲಾಗಿ ಬರುತ್ತಿದ್ದುದನ್ನು ನಮ್ಮ ತಲೆಮಾರಿನವರೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಗಾಜಿಲ್ಲ, ಛಾವಣಿಯಿಲ್ಲ, ಹಲಗೆಯ ಮೇಲೆ ಕುಳಿತ ಚಾಲಕ ತಲೆಗೂ ಮೂಗಿಗೂ ಟವಲು ಸುತ್ತಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಕಾರ್ಖಾನೆಯಿಂದ ಬಾಡಿ ಕಟ್ಟುವ ಊರಿನವರೆಗೆ ನೂರಾರು ಮೈಲಿ ಬಿಸಿಲು ಧೂಳುಗಳಲ್ಲಿ ಅದನ್ನು ಓಡಿಸುತ್ತಿದ್ದ. 1917ರ ಮಾಡೆಲ್ ಟಿಟಿಯ ಚಾಲಕನೂ ಹೀಗೆಯೇ ಕುಳಿತಿದ್ದಿರಬೇಕು.

2023ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಅಧಿಸೂಚನೆಯೊಂದನ್ನು ಹೊರಡಿಸಿ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನಲ್ಲಿ ಹವಾನಿಯಂತ್ರಣವಿರಲೇಬೇಕೆಂದು ವಿಧಿಸಿತು. ಕ್ಯಾಬಿಲ್ಲದೆ ಮಾರಾಟವಾಗುವ ಚಾಸಿಗಳ ಗತಿಯೇನೆಂಬ ಚರ್ಚೆಯೂ ಅದರ ಬೆನ್ನಿಗೇ ಬಂತು. ಬಾಡಿ ಕಟ್ಟುವವರ ಕೈಗೆ ಹೋಗುವ ಚಾಸಿಯೊಂದಿಗೆ ಹವಾನಿಯಂತ್ರಣದ ಸಾಮಗ್ರಿಯನ್ನೂ ಕಾರ್ಖಾನೆಯವರೇ ಕೊಟ್ಟು ಕಳಿಸಬೇಕೆಂಬುದು ಅದಕ್ಕೆ ದೊರೆತ ಉತ್ತರ.